ದಾಖಲೆ ಮೀನು, ಮತ್ಸ್ಯಕ್ಷಾಮ: ಎರಡೂ ನಿಜವಾಗುವುದು ಹೇಗೆ?

ಪ್ರಶ್ನೆ: ನಮ್ಮದು ಬನವಾಸಿ. ಕಡಲ ಮೀನು ನಮಗೆ ಸಿಗುವುದು ಘಟ್ಟ ಹತ್ತಿ ಬಂದ ಮೇಲೆಯೇ. ಒಂದು ವರ್ಷ ಬಂಗಡೆ ಅಗ್ಗ, ಮರುವರ್ಷ ಮುಟ್ಟಿದರೆ ಸುಡುವ ರೇಟು. ತಾರ್ಲೆಯಂತೂ ನಡುವೆ ಕೆಲವು ವರ್ಷ ಕಾಣಲೇ ಇಲ್ಲ. ಪೇಪರಿನಲ್ಲಿ ಒಮ್ಮೆ ‘ದಾಖಲೆ ಮೀನುಗಾರಿಕೆ’ ಎಂದು ಬರುತ್ತದೆ, ಇನ್ನೊಮ್ಮೆ ‘ಕರಾವಳಿಯಲ್ಲಿ ಮತ್ಸ್ಯಕ್ಷಾಮ’ ಎಂದು. ಯಾವುದನ್ನು ನಂಬುವುದು? ಬೇರೆ ದೇಶಗಳಲ್ಲಿ ಸಮುದ್ರದ ಮೀನು ಹೆಚ್ಚುತ್ತಿದೆಯೋ, ಕಡಿಮೆಯಾಗುತ್ತಿದೆಯೋ?
— ಓದುಗರೊಬ್ಬರು, ಬನವಾಸಿ

ಉತ್ತರ: ಎರಡನ್ನೂ ನಂಬಬಹುದು. ಎರಡೂ ಸುದ್ದಿ ಒಂದೇ ವರ್ಷ ನಿಜವಾಗಿರಲು ಸಾಧ್ಯ. ಅದು ಹೇಗೆಂದು ನೋಡುವ ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ.

ಸಾಕಿದ ಮೀನನ್ನು ಬಿಟ್ಟು, ಸಮುದ್ರದಿಂದ ಹಿಡಿದು ತಂದ ಮೀನಿನ ಜಾಗತಿಕ ಲೆಕ್ಕ ಅತಿ ಮೇಲೆ ಹೋಗಿದ್ದು 1996ರಲ್ಲಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಪ್ರಕಾರ ಆ ವರ್ಷ 8.64 ಕೋಟಿ ಟನ್. 2022ರಲ್ಲಿ ಅದು 7.97 ಕೋಟಿ ಟನ್. ಈ ನಡುವೆ ಬೋಟುಗಳು ದೊಡ್ಡದಾದವು, ಎಂಜಿನ್ನುಗಳ ಶಕ್ತಿ ಹೆಚ್ಚಿತು, ಮೀನಿನ ಹಿಂಡು ಎಲ್ಲಿದೆಯೆಂದು ಪರದೆಯ ಮೇಲೆ ತೋರಿಸುವ ಯಂತ್ರಗಳು ಬಂದವು, ಜಿಪಿಎಸ್ ಬಂತು. ಆದರೂ ಬಲೆಗೆ ಬೀಳುವ ಒಟ್ಟು ತೂಕ ಮೂರು ದಶಕಗಳಿಂದ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಜಗತ್ತಿನ ತಟ್ಟೆಗೆ ಹೆಚ್ಚುವರಿಯಾಗಿ ಬಂದ ಮೀನೆಲ್ಲ ಸಾಕಿದ್ದು. 2022ರಲ್ಲಿ ಸಾಕಿದ ಮೀನು, ಸಿಗಡಿ, ಚಿಪ್ಪುಜೀವಿಗಳ ತೂಕ 9.44 ಕೋಟಿ ಟನ್ ಮುಟ್ಟಿ, ಸಮುದ್ರ, ನದಿ, ಕೆರೆಗಳಿಂದ ಹಿಡಿದದ್ದನ್ನು ಮೊದಲ ಬಾರಿಗೆ ಹಿಂದೆ ಹಾಕಿತು.

ಹಾಗಾದರೆ ಸಮುದ್ರ ಇದ್ದ ಹಾಗೆಯೇ ಇದೆ ಎನ್ನೋಣವೇ? ಇಲ್ಲ. ಅದೇ ಸಂಘಟನೆಯ ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬೇಕು. 1974ರಲ್ಲಿ ಲೆಕ್ಕಕ್ಕೆ ಸಿಕ್ಕ ಮೀನು ಸಂಕುಲಗಳಲ್ಲಿ ಅತಿಯಾಗಿ ಹಿಡಿದು ಸೊರಗಿಸಿದಂಥವು ಶೇಕಡಾ 10 ಇದ್ದವು. 2021ಕ್ಕೆ ಅದು ಶೇಕಡಾ 37.7 ಆಯಿತು. ಒಟ್ಟು ತೂಕ ಹೆಚ್ಚೇನೂ ಇಳಿಯಲಿಲ್ಲ, ಒಳಗಿನ ಮೀನು ಮಾತ್ರ ಬದಲಾಯಿತು. ಒಂದು ಜಾತಿ ಸೊರಗಿದರೆ ಬೋಟು ಇನ್ನೊಂದು ಜಾತಿಯ ಹಿಂದೆ ಹೋಗುತ್ತದೆ, ಹತ್ತಿರದ್ದು ಮುಗಿದರೆ ದೂರಕ್ಕೆ ಹೋಗುತ್ತದೆ.

ನಿಮ್ಮ ಗೊಂದಲದ ಬೇರು ಇರುವುದು ಇಲ್ಲಿಯೇ. ಪೇಪರಿನಲ್ಲಿ ಬರುವ ಟನ್ನುಗಳ ಲೆಕ್ಕ ದಡಕ್ಕೆ ಬಂದ ಮೀನಿನದು, ಸಮುದ್ರದಲ್ಲಿರುವ ಮೀನಿನದಲ್ಲ. ಶಿರಸಿ ಸೀಮೆಯವರಿಗೆ ಇದನ್ನು ಅಡಿಕೆಯಲ್ಲಿ ಹೇಳಿದರೆ ಬೇಗ ತಿಳಿದೀತು. ಪೇಟೆಗೆ ಈ ತಿಂಗಳು ಎಷ್ಟು ಚೀಲ ಅಡಿಕೆ ಬಂತು ಎನ್ನುವುದರಿಂದ ತೋಟಕ್ಕೆ ಕೊಳೆ ಬಂದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ದರ ಏರಿದಾಗ ಅಟ್ಟದ ಮೇಲಿನ ದಾಸ್ತಾನೂ ಇಳಿದು ಬರುತ್ತದೆ, ರಸ್ತೆ ಕುಸಿದರೆ ಒಳ್ಳೆಯ ಬೆಳೆಯೂ ಮನೆಯಲ್ಲೇ ಉಳಿಯುತ್ತದೆ. ಮೀನಿನದೂ ಹಾಗೆಯೇ. ಕೋವಿಡ್ ಬಂದ 2020ರಲ್ಲಿ ಭಾರತದ ಕಡಲ ಮೀನಿನ ಲೆಕ್ಕ ಹಿಂದಿನ ವರ್ಷದ 35.6 ಲಕ್ಷ ಟನ್ನಿನಿಂದ 27.3 ಲಕ್ಷ ಟನ್ನಿಗೆ ಬಿತ್ತು. ಅದಕ್ಕೆ ಮುಖ್ಯ ಕಾರಣ ಮೀನು ಕಡಿಮೆಯಾದದ್ದಲ್ಲ. ಬೋಟುಗಳು ಬಂದರಿನಲ್ಲಿ ನಿಂತಿದ್ದವು, ಅಷ್ಟೆ.

ಈ ಲೆಕ್ಕ ಬರೆಯುವವರು ಯಾರು ಎಂದು ಅನೇಕರು ಕೇಳುತ್ತಾರೆ. ನಮ್ಮಲ್ಲಿ ಅದನ್ನು ಮಾಡುವುದು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ. 1947ರಲ್ಲಿ ಹುಟ್ಟಿದ ಈ ಸಂಸ್ಥೆಯ ಮುಖ್ಯ ಕಚೇರಿ ಕೊಚ್ಚಿಯಲ್ಲಿದೆ, ಕಾರವಾರ ಮತ್ತು ಮಂಗಳೂರಿನಲ್ಲೂ ಕೇಂದ್ರಗಳಿವೆ. ದೇಶದ ಕರಾವಳಿಯಲ್ಲಿ ಮೀನು ಇಳಿಯುವ ಜಾಗಗಳು ಸಾವಿರಕ್ಕೂ ಹೆಚ್ಚು. ಪ್ರತಿ ಬೋಟಿನ ಪ್ರತಿ ಬುಟ್ಟಿ ತೂಗುವುದು ಆಗದ ಮಾತು. ಹಾಗಾಗಿ ಕೆಲವು ಜಾಗ, ಕೆಲವು ದಿನಗಳನ್ನು ಒಂದು ಕ್ರಮದಿಂದ ಆರಿಸಿಕೊಳ್ಳುತ್ತಾರೆ. ಸಂಸ್ಥೆಯವರು ಬಂದರಿನಲ್ಲಿ ನಿಂತು, ಬಂದ ಬೋಟುಗಳನ್ನು ಎಣಿಸಿ, ಅವುಗಳಲ್ಲಿ ಕೆಲವನ್ನು ಆರಿಸಿ, ಯಾವ ಬಲೆ, ಎಷ್ಟು ಹೊತ್ತಿನ ಮೀನುಗಾರಿಕೆ, ಯಾವ ಜಾತಿ, ಎಷ್ಟು ತೂಕ, ಎಷ್ಟು ಉದ್ದ ಎಂದು ಬರೆದುಕೊಳ್ಳುತ್ತಾರೆ. ಅದರಿಂದ ಜಿಲ್ಲೆಯ, ರಾಜ್ಯದ, ದೇಶದ ಲೆಕ್ಕ ಕಟ್ಟುತ್ತಾರೆ. ಹಾಗೆ ಬರೆದುಕೊಂಡದ್ದರಲ್ಲಿ ಹೆಚ್ಚು ಬೆಲೆಯ ಮಾಹಿತಿ ತೂಕವಲ್ಲ, ‘ಎಷ್ಟು ಹೊತ್ತು’ ಮತ್ತು ‘ಎಷ್ಟು ಉದ್ದ’ ಎಂಬುವು. ಒಂದು ಗಂಟೆ ಬಲೆ ಎಳೆದರೆ ಮೊದಲು ಸಿಗುತ್ತಿದ್ದಷ್ಟು ಈಗ ಸಿಗುತ್ತದೆಯೇ, ಸಿಕ್ಕಿದ್ದು ಮರಿಯೋ ಬಲಿತದ್ದೋ ಎನ್ನುವುದರಿಂದ ಸಮುದ್ರದ ಸ್ಥಿತಿ ತಿಳಿಯುತ್ತದೆ. ಪೇಪರಿನ ತಲೆಬರಹಕ್ಕೆ ಬರುವುದು ಮಾತ್ರ ಬರೀ ತೂಕ.

ಈಗ ನಿಮ್ಮ ತಾರ್ಲೆಗೆ ಬರೋಣ. ಮಂಗಳೂರಿನ ಕಡೆ ಬೂತಾಯಿ ಎನ್ನುವುದು ಇದನ್ನೇ. ಮುಂಗಾರಿನಲ್ಲಿ ಗಾಳಿ ಕರಾವಳಿಯ ಮೇಲ್ನೀರನ್ನು ಆಚೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೇಳುತ್ತದೆ. ತಳದಲ್ಲಿ ಕೂತಿದ್ದ ಸತ್ವವೆಲ್ಲ ಅದರ ಜೊತೆ ಬಂದು, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಲುಸಾಗಿ ಬೆಳೆಯುತ್ತದೆ. ತಾರ್ಲೆ ತಿಂದು ಕೊಬ್ಬುವುದು ಇದನ್ನೇ. ಮಳೆ ಮತ್ತು ಗಾಳಿ ಹದವಾಗಿ ಬಂದ ವರ್ಷ ಮರಿಗಳು ಉಳಿಯುತ್ತವೆ, ಹದ ತಪ್ಪಿದರೆ ಸಾಯುತ್ತವೆ. ಈ ಮೀನು ಒಂದು ವರ್ಷದೊಳಗೆ ಮೊಟ್ಟೆಗೆ ಬರುತ್ತದೆ, ಎರಡೂವರೆ ವರ್ಷಕ್ಕಿಂತ ಹೆಚ್ಚು ಬದುಕುವುದು ಅಪರೂಪ. ಹಾಗಾಗಿ ಒಂದು ಕೆಟ್ಟ ವರ್ಷದ ನಷ್ಟವನ್ನು ತುಂಬಿಕೊಡಲು ಹಳೆಯ ತಲೆಮಾರು ಎಂಬುದು ಇರುವುದೇ ಇಲ್ಲ. ಕೇರಳದ ಅಂಕಿ ನೋಡಿ: 2012ರಲ್ಲಿ ಸುಮಾರು 3.9 ಲಕ್ಷ ಟನ್ ತಾರ್ಲೆ, 2015-16ರ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ವಿದ್ಯಮಾನ) ಬಂದ ಮೇಲೆ 2016ರಲ್ಲಿ ಸುಮಾರು 46 ಸಾವಿರ ಟನ್, 2021ರಲ್ಲಿ ಬರೀ 3,297 ಟನ್. 1994ರಿಂದೀಚೆಗೆ ಅಷ್ಟು ಕಡಿಮೆ ಆಗಿದ್ದಿಲ್ಲ. ಮರುವರ್ಷವೇ ಅದು ಮತ್ತೆ ಲಕ್ಷ ಟನ್ ದಾಟಿತು. ನೀವು ತಾರ್ಲೆ ಕಾಣದೆ ಬೇಸರಿಸಿದ ವರ್ಷಗಳಿವು. ಆಗ ಪಶ್ಚಿಮ ಕರಾವಳಿಯ ಮಾರುಕಟ್ಟೆಗಳಿಗೆ ಒಮಾನಿನಿಂದಲೂ ತಾರ್ಲೆ ಬಂತು. ಅರಬ್ಬಿ ಸಮುದ್ರದ ಆಚೆ ದಡದಲ್ಲಿಯೂ ಇದೇ ಜಾತಿ ಇದೆ. ತಿಂದವರು ರುಚಿ ಬೇರೆ ಎಂದು ಗೊಣಗಿದ್ದುಂಟು.

ಇಂಥ ಏರಿಳಿತ ನಮ್ಮ ಕಡಲಿಗೆ ಮಾತ್ರ ಸೇರಿದ್ದಲ್ಲ. ಜಪಾನಿನಲ್ಲಿ ತಾರ್ಲೆಯಂತೆಯೇ ಸಾರ್ಡೀನ್ ಬಳಗಕ್ಕೆ ಸೇರಿದ ಮೀನು 1988ರಲ್ಲಿ 45 ಲಕ್ಷ ಟನ್ನಿನ ಹತ್ತಿರ ಬಂದಿತ್ತು. 2005ರ ಹೊತ್ತಿಗೆ ಅದು ಕೆಲವು ಹತ್ತು ಸಾವಿರ ಟನ್ನಿಗೆ ಇಳಿದಿತ್ತು. ಪೆಸಿಫಿಕ್ ಸಾಗರದ ನೀರಿನ ಉಷ್ಣತೆ ದಶಕಗಟ್ಟಲೆ ಒಂದು ಮಗ್ಗುಲಿಗಿದ್ದು ಆಮೇಲೆ ಇನ್ನೊಂದು ಮಗ್ಗುಲಿಗೆ ತಿರುಗುವುದೇ ಇದಕ್ಕೆ ದೊಡ್ಡ ಕಾರಣ. ಪೆರು ದೇಶದಲ್ಲಿ ಬೆರಳುದ್ದದ ಆಂಚೋವೆಟಾ ಮೀನು 1970ರಲ್ಲಿ 1.2 ಕೋಟಿ ಟನ್ನಿಗೂ ಹೆಚ್ಚು ಸಿಕ್ಕಿತ್ತು. ಜಗತ್ತಿನಲ್ಲಿ ಆಗ ಹಿಡಿಯುತ್ತಿದ್ದ ಮೀನಿನಲ್ಲಿ ಆ ಒಂದೇ ಜಾತಿಯದು ದೊಡ್ಡ ಪಾಲು. 1972ರಲ್ಲಿ ಎಲ್ ನಿನೊ ಬಂತು, ಬೋಟುಗಳು ಹಿಡಿಯುವುದನ್ನು ನಿಲ್ಲಿಸಲಿಲ್ಲ, 1973ರಲ್ಲಿ ಸಿಕ್ಕಿದ್ದು 20 ಲಕ್ಷ ಟನ್ನಿಗೂ ಕಡಿಮೆ. ಆ ಪೆಟ್ಟಿನಿಂದ ಪೆರು ಪಾಠ ಕಲಿತಿದೆ. ಈಗ ಅಲ್ಲಿ ಹಂಗಾಮು ಶುರುವಾಗುವ ಮೊದಲು ವಿಜ್ಞಾನಿಗಳು ಸಮುದ್ರಕ್ಕೆ ಹೋಗಿ ಮೀನಿನ ಅಂದಾಜು ಮಾಡುತ್ತಾರೆ, ಅದರ ಮೇಲೆ ಎಷ್ಟು ಹಿಡಿಯಬಹುದೆಂದು ಸರ್ಕಾರ ಮಿತಿ ಹಾಕುತ್ತದೆ. 2023ರಲ್ಲಿ ಮತ್ತೆ ಎಲ್ ನಿನೊ ಬಂದು, ಸಿಕ್ಕಿದ್ದರಲ್ಲಿ ಮರಿಗಳೇ ಹೆಚ್ಚೆಂದು ಕಂಡಾಗ ಮೊದಲ ಹಂಗಾಮನ್ನೇ ರದ್ದು ಮಾಡಿದರು. ಆ ವರ್ಷದ ಅಂಕಿ ಪಾತಾಳ ಕಂಡಿತು, ಮರುವರ್ಷ ಮೀನು ಹಿಂತಿರುಗಿತು. ಪೆರುವಿನ 1973ರ ಕುಸಿತವೂ 2023ರ ಕುಸಿತವೂ ಪಟ್ಟಿಯಲ್ಲಿ ಒಂದೇ ತರಹ ಕಾಣುತ್ತವೆ. ಮೊದಲಿನದು ಅನಾಹುತ, ಎರಡನೆಯದು ವಿವೇಕ.

ಎಲ್ಲ ಕುಸಿತವನ್ನೂ ನಿಸರ್ಗದ ತಲೆಗೆ ಕಟ್ಟಲಾಗದು. ಕೆನಡಾದ ಪೂರ್ವ ಕರಾವಳಿಯ ಕಾಡ್ ಮೀನಿನ ಕಥೆ ಕೇಳಿ. ಯುರೋಪಿನ ಹಡಗುಗಳು ಐನೂರು ವರ್ಷ ಹಿಡಿದರೂ ಮುಗಿಯದ ಮೀನು ಅದು. 1950ರ ದಶಕದಿಂದ ಮೀನನ್ನು ಹಡಗಿನಲ್ಲೇ ಕೊಯ್ದು ಹೆಪ್ಪುಗಟ್ಟಿಸುವ ದೈತ್ಯ ಟ್ರಾಲರುಗಳು ಬಂದವು. 1968ರಲ್ಲಿ ಹಿಡಿದದ್ದು 8.1 ಲಕ್ಷ ಟನ್. 1977ರಲ್ಲಿ ಕೆನಡಾ 200 ನಾಟಿಕಲ್ ಮೈಲಿಯ ಸಮುದ್ರವನ್ನು ತನ್ನದೆಂದು ಘೋಷಿಸಿ ಪರದೇಶದ ಹಡಗುಗಳನ್ನು ಹೊರಗಟ್ಟಿತು, ಆ ಜಾಗಕ್ಕೆ ತನ್ನವನ್ನು ಇಳಿಸಿತು. 80ರ ದಶಕದಲ್ಲಿ ದಡದ ಹತ್ತಿರ ಸಣ್ಣ ದೋಣಿಯಲ್ಲಿ ಹಿಡಿಯುವವರು ‘ಮೀನು ಸಣ್ಣದಾಗುತ್ತಿದೆ, ದಡಕ್ಕೆ ಬರುತ್ತಿಲ್ಲ’ ಎನ್ನುತ್ತಲೇ ಇದ್ದರು. ದೊಡ್ಡ ಟ್ರಾಲರುಗಳಿಗೆ ಮಾತ್ರ ಮೀನು ಸಿಗುತ್ತಲೇ ಇತ್ತು. ಏಕೆಂದರೆ ಉಳಿದಿದ್ದ ಮೀನು ಗುಂಪುಗೂಡಿ ಒಂದೆರಡು ಕಡೆ ಸೇರಿತ್ತು, ಆ ಗುಂಪನ್ನು ಹುಡುಕುವ ಯಂತ್ರ ಟ್ರಾಲರಿನಲ್ಲಿತ್ತು. 1992ರ ಜುಲೈನಲ್ಲಿ ಸರ್ಕಾರ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸುಮಾರು ಮೂವತ್ತು ಸಾವಿರ ಮಂದಿಯ ಕೆಲಸ ಹೋಯಿತು. ಆ ನಿಷೇಧವನ್ನು ಅಧಿಕೃತವಾಗಿ ತೆಗೆದು ವಾಣಿಜ್ಯ ಮೀನುಗಾರಿಕೆಗೆ ಬಿಟ್ಟಿದ್ದು 32 ವರ್ಷಗಳ ಮೇಲೆ, 2024ರಲ್ಲಿ, ಅದೂ 18 ಸಾವಿರ ಟನ್ನಿನ ಮಿತಿಯಲ್ಲಿ.

ಕಾರವಾರ, ಅಂಕೋಲಾ, ಕುಮಟಾ ಕಡೆಯ ಹಿರಿಯ ಹರಿಕಂತ್ರರನ್ನೋ, ಖಾರ್ವಿಗಳನ್ನೋ, ಅಂಬಿಗರನ್ನೋ ಕೇಳಿದರೆ ಈ ಕಥೆಯ ನಮ್ಮದೇ ರೂಪ ಸಿಗುತ್ತದೆ. ಮೊದಲು ಇಲ್ಲಿ ಬಂಗಡೆ, ತಾರ್ಲೆ ಹಿಡಿಯುತ್ತಿದ್ದುದು ರಂಪಣಿಯಲ್ಲಿ. ದೋಣಿಯಿಂದ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಯನ್ನು ದಡದಲ್ಲಿ ಹತ್ತಾರು ಜನ ಹಿಡಿದು ಎಳೆಯಬೇಕು. ಎಳೆದವರಿಗೆಲ್ಲ ಪಾಲು. ಹಿಂಡು ತಾನಾಗಿ ದಡದ ಹತ್ತಿರ ಬಂದರಷ್ಟೇ ರಂಪಣಿಗೆ ಮೀನು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದವು. ಅವು ಹಿಂಡು ದಡಕ್ಕೆ ಬರುವವರೆಗೆ ಕಾಯುವುದಿಲ್ಲ. ಸಮುದ್ರದಲ್ಲಿಯೇ ಹಿಂಡನ್ನು ಸುತ್ತುಗಟ್ಟಿ, ಬಲೆಯ ತಳವನ್ನು ಹಗ್ಗದಿಂದ ಬಿಗಿದು ಎತ್ತುತ್ತವೆ. ಕೆಲವೇ ವರ್ಷಗಳಲ್ಲಿ ಅವು ನೂರಾರಾದವು, ರಂಪಣಿಯವರೊಂದಿಗೆ ಜಗಳಗಳಾದವು, ರಂಪಣಿ ಹಿಂದೆ ಸರಿಯಿತು. ಆ ಹೊತ್ತಿನಲ್ಲಿ ಕರ್ನಾಟಕದ ಒಟ್ಟು ಅಂಕಿ ಏರಿತ್ತು. ದಡದಲ್ಲಿ ಬಲೆ ಎಳೆಯುವವನ ಪಾಲಿಗೆ ಅದೇ ಹೊತ್ತು ಮತ್ಸ್ಯಕ್ಷಾಮ. ನೀವು ಕೇಳಿದ ಎರಡು ಸುದ್ದಿಗಳು ಒಟ್ಟಿಗೆ ನಿಜವಾಗುವುದು ಹೀಗೆ: ಒಂದು ರಾಜ್ಯದ ಮೊತ್ತದ ಸುದ್ದಿ, ಇನ್ನೊಂದು ಒಂದು ಬಲೆಯ ಸುದ್ದಿ.

ಇತ್ತೀಚಿನ ಉದಾಹರಣೆಯನ್ನೇ ನೋಡಿ. 2022ರಲ್ಲಿ ಕರ್ನಾಟಕದ ದಡಕ್ಕೆ 6.95 ಲಕ್ಷ ಟನ್ ಮೀನು ಬಂತು. 2018ರಲ್ಲಿ ಅದು 4.52 ಲಕ್ಷ ಟನ್ ಇತ್ತು. ಈ ಏರಿಕೆಯನ್ನು ಓದುವಾಗ ಎರಡು ವಿಷಯ ನೆನಪಿರಬೇಕು. ಮೊದಲನೆಯದು, ಮಲ್ಪೆ, ಮಂಗಳೂರಿನ ದೊಡ್ಡ ಟ್ರಾಲ್ ಬೋಟುಗಳು ವಾರಕ್ಕೂ ಹೆಚ್ಚು ದಿನ ಸಮುದ್ರದಲ್ಲೇ ಇದ್ದು, ಗೋವಾ, ಮಹಾರಾಷ್ಟ್ರದ ಎದುರಿನ ನೀರಿನವರೆಗೂ ಹೋಗಿ ಹಿಡಿಯುತ್ತವೆ. ಮೀನು ಎಲ್ಲಿ ಇಳಿಯಿತೋ ಆ ರಾಜ್ಯದ ಖಾತೆಗೆ ಸೇರುತ್ತದೆ. ಎರಡನೆಯದು, ಬಂದ ಟನ್ನುಗಳೆಲ್ಲ ಅಡುಗೆಮನೆಗೆ ಹೋಗುವುದಿಲ್ಲ. ಮಳೆಗಾಲ ಕಳೆದ ಮೇಲೆ ‘ಕಾರ್ಗಿಲ್ ಮೀನು’ ಎಂದು ಕರೆಯುವ ಕಪ್ಪು, ಗಟ್ಟಿ ಚರ್ಮದ ಮೀನು ರಾಶಿ ರಾಶಿಯಾಗಿ ಬಲೆಗೆ ಬೀಳುವುದುಂಟು. ಅದು ಹೋಗುವುದು ಫಿಶ್‌ಮೀಲ್ ಫ್ಯಾಕ್ಟರಿಗೆ, ಅಲ್ಲಿಂದ ಕೋಳಿಗೋ ಸಾಕಿದ ಸಿಗಡಿಗೋ ಆಹಾರವಾಗಿ. ಟ್ರಾಲ್ ಬಲೆಯ ತಳದಲ್ಲಿ ಬರುವ ಮರಿ ಮೀನಿನ ದಾರಿಯೂ ಅದೇ. ಮೊದಲು ಸಮುದ್ರಕ್ಕೇ ಎಸೆದು ಬರುತ್ತಿದ್ದುದನ್ನು ಈಗ ದುಡ್ಡು ಬರುತ್ತದೆಂದು ದಡಕ್ಕೆ ತರುತ್ತಾರೆ. ಅದರಿಂದ ರಾಜ್ಯದ ಅಂಕಿ ಏರುತ್ತದೆ, ಮುಂದಿನ ವರ್ಷದ ಮೀನು ಕಡಿಮೆಯಾಗುತ್ತದೆ. ಆ ಏರಿಕೆಯ ಮರುವರ್ಷ, 2023ರಲ್ಲಿ, ಕರ್ನಾಟಕದ ಲೆಕ್ಕ 6.04 ಲಕ್ಷ ಟನ್ನಿಗೆ ಇಳಿಯಿತು. ದೇಶದ ಲೆಕ್ಕ ಅದೇ ವರ್ಷ 34.9 ಲಕ್ಷದಿಂದ 35.3 ಲಕ್ಷ ಟನ್ನಿಗೆ ಸ್ವಲ್ಪ ಏರಿತ್ತು. ಒಂದು ವರ್ಷದ ಏರಿಕೆಗೆ ಹಿಗ್ಗುವುದೂ ಒಂದು ವರ್ಷದ ಇಳಿಕೆಗೆ ಕುಗ್ಗುವುದೂ ಬೇಡ. ಹತ್ತು ವರ್ಷದ ಗೆರೆ ನೋಡಬೇಕು.

ಚೀನಾದ ವಿಷಯ ಇನ್ನೂ ಸ್ವಾರಸ್ಯ. ಸಮುದ್ರದ ಮೀನು ಹಿಡಿಯುವುದರಲ್ಲಿ ಅದೇ ಮೊದಲು: 2022ರಲ್ಲಿ ಸುಮಾರು 1.18 ಕೋಟಿ ಟನ್. ಅದರ ಹಿಂದೆ ಇಂಡೋನೇಷ್ಯಾ, ಪೆರು, ರಷ್ಯಾ, ಅಮೆರಿಕ, ಆಮೇಲೆ ಭಾರತ. 90ರ ದಶಕದಲ್ಲಿ ಚೀನಾದ ಅಂಕಿ ವರ್ಷ ವರ್ಷವೂ ಏರುತ್ತಿತ್ತು, ಜಗತ್ತಿನ ಒಟ್ಟು ಅಂಕಿಯನ್ನೂ ಮೇಲಕ್ಕೆತ್ತುತ್ತಿತ್ತು. 2001ರಲ್ಲಿ ರೆಗ್ ವಾಟ್ಸನ್ ಮತ್ತು ಡೇನಿಯಲ್ ಪೌಲಿ ಎಂಬ ವಿಜ್ಞಾನಿಗಳು, ಆ ನೀರಿನಲ್ಲಿ ಅಷ್ಟು ಮೀನು ಇರಲು ಸಾಧ್ಯವಿಲ್ಲ, ಲೆಕ್ಕ ಉಬ್ಬಿದೆ ಎಂದು ತೋರಿಸಿದರು. ಉತ್ಪಾದನೆ ಹೆಚ್ಚಿದರೆ ಅಧಿಕಾರಿಗೆ ಬಡ್ತಿ ಸಿಗುವ ವ್ಯವಸ್ಥೆಯಲ್ಲಿ ಮೀನು ಕಾಗದದ ಮೇಲೂ ಮರಿ ಹಾಕುತ್ತದೆ. ಇತ್ತೀಚಿನ ವರ್ಷಗಳಲ್ಲಿ ಚೀನಾವೇ ತನ್ನ ಕರಾವಳಿಯ ಮೀನುಗಾರಿಕೆಯನ್ನು ಕಡಿಮೆ ಮಾಡುವ ನೀತಿ ತಂದಿದೆ, 2021ರ ಜನವರಿಯಿಂದ ಯಾಂಗ್‌ಟ್ಸಿ ನದಿಯಲ್ಲಿ ಹತ್ತು ವರ್ಷ ಮೀನು ಹಿಡಿಯುವುದನ್ನೇ ನಿಷೇಧಿಸಿದೆ. ಅಂದರೆ ಅಲ್ಲಿಯ ಅಂಕಿ ಇಳಿದಿದ್ದು ಮೀನು ಮುಗಿದು ಮಾತ್ರವಲ್ಲ, ಹಿಡಿಯಬೇಡಿ ಎಂದಿದ್ದಕ್ಕೂ ಹೌದು.

ನದಿಯ ಮಾತು ಬಂದಿದ್ದರಿಂದ ನಿಮ್ಮೂರಿನ ವರದೆಯ ಕಡೆಗೂ ಒಮ್ಮೆ ನೋಡೋಣ. ನದಿ, ಕೆರೆ, ಹಿನ್ನೀರುಗಳಿಂದ ಮೀನು ಹಿಡಿಯುವುದರಲ್ಲಿ ಜಗತ್ತಿಗೇ ಮೊದಲ ಸ್ಥಾನ ಭಾರತದ್ದು: 2022ರಲ್ಲಿ ಸುಮಾರು 19 ಲಕ್ಷ ಟನ್, ಅದರ ನಂತರ ಬಾಂಗ್ಲಾದೇಶ, ಚೀನಾ. ಆದರೆ ಈ ಅಂಕಿ ಕಡಲಿನ ಅಂಕಿಯಷ್ಟು ಗಟ್ಟಿಯಲ್ಲ. ಬನವಾಸಿ, ಸಿದ್ದಾಪುರ, ಸೊರಬ ಕಡೆ ಬೇಸಿಗೆಯಲ್ಲಿ ನಡೆಯುವ ಕೆರೆಬೇಟೆ ನಿಮಗೆ ಹೊಸದಲ್ಲ. ಕೂಣಿಗೆ, ಅಂದರೆ ಮೀನು ಮುಚ್ಚಿ ಹಿಡಿಯುವ ಬುಟ್ಟಿಗೆ, ಇಷ್ಟು ಎಂದು ಊರಿನ ಸಮಿತಿಗೆ ದುಡ್ಡು ಕಟ್ಟಿ, ಸೂಚನೆ ಸಿಕ್ಕ ಕೂಡಲೇ ನೂರಾರು ಜನ ಕೆಸರಿಗೆ ಇಳಿಯುತ್ತಾರೆ. ಸಿಕ್ಕ ಮೀನು ಚೀಲ ಸೇರಿ ಮನೆಗೆ ಹೋಗುತ್ತದೆ. ಅದನ್ನು ಯಾವ ತಕ್ಕಡಿಯೂ ಕಾಣುವುದಿಲ್ಲ. ಮೊದಲ ಮಳೆಗೆ ಗದ್ದೆಯ ಕಾಲುವೆಯಲ್ಲಿ ಏರಿ ಬರುವ ಹತ್ತುಮೀನಿನದೂ ಇದೇ ಕಥೆ. ಅದಲ್ಲದೆ ಕೆರೆಬೇಟೆಯಲ್ಲಿ ಸಿಗುವ ಕಾಟ್ಲಾ, ರೋಹುಗಳಲ್ಲಿ ಎಷ್ಟೋ ಮೀನು ಮರಿ ತಂದು ಬಿಟ್ಟವು. ಅವು ಹಿಡಿದ ಮೀನೋ ಸಾಕಿದ ಮೀನೋ ಎಂದು ಹೇಳುವುದೇ ಕಷ್ಟ. ಹಾಗಾಗಿ ಜಗತ್ತಿನ ಪಟ್ಟಿಯಲ್ಲಿ ಒಳನಾಡಿನ ಮೀನಿನ ಅಂಕಿ ಕಂಡರೆ ಅದನ್ನು ಅಂದಾಜು ಎಂದೇ ಓದಬೇಕು.

ಇನ್ನು ಉಳಿದಿದ್ದು ನಿಮ್ಮ ರೇಟಿನ ಪ್ರಶ್ನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಹಳಷ್ಟು ಮೀನು ಮೊಟ್ಟೆ ಇಡುವ ಕಾಲ ಅದು, ಕಡಲೂ ಒರಟು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಆದ್ದರಿಂದ ಜೂನ್ ನಡುವಿನ ನಂತರ ತಮಿಳುನಾಡು, ಆಂಧ್ರದ ಕಡೆಯಿಂದ ಐಸ್ ಹಾಕಿದ ಮೀನು ಲಾರಿಯಲ್ಲಿ ನಮ್ಮ ಕರಾವಳಿಗೆ ಬರುತ್ತದೆ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೂ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೂ ಬರುತ್ತದೆ. ಆಗಿನ ರೇಟಿನಲ್ಲಿ ಸಾಗಣೆ ಮತ್ತು ಐಸಿನ ಪಾಲೇ ದೊಡ್ಡದು. ಅದನ್ನು ನೋಡಿ ಮೀನು ಮುಗಿದುಹೋಯಿತು ಎಂದುಕೊಳ್ಳಬೇಡಿ. ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಬಂಗಡೆ ದುಬಾರಿಯಾಗಿ, ಸಿಕ್ಕಿದ್ದೂ ಸಣ್ಣದಾಗಿದ್ದರೆ ಆಗ ಚಿಂತಿಸಬೇಕು.

ಮುಂದಿನ ಬಾರಿ ಪೇಪರಿನಲ್ಲಿ ಮೀನಿನ ಅಂಕಿ ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇಷ್ಟು ಮೀನು ಹಿಡಿಯಲು ಎಷ್ಟು ಬೋಟು ಎಷ್ಟು ದಿನ ಹೋಗಿದ್ದವು? ಸಿಕ್ಕಿದ್ದು ಯಾವ ಮೀನು, ಯಾವ ಅಳತೆಯದು? ಹಿಂದಿನ ಹತ್ತು ವರ್ಷ ಹೇಗಿತ್ತು? ಈ ಮೂರಕ್ಕೂ ಉತ್ತರ ಕೊಡದ ಸುದ್ದಿ, ‘ದಾಖಲೆ’ ಎಂದರೂ ‘ಕ್ಷಾಮ’ ಎಂದರೂ, ಅರ್ಧ ಸುದ್ದಿ.

ಕೊಳ್ಳುವವರ ಕೈಯಲ್ಲೂ ಒಂದು ಉಪಾಯವಿದೆ. ಕೇರಳ ಸರ್ಕಾರ ಹಿಡಿಯಬಹುದಾದ ಕನಿಷ್ಠ ಅಳತೆಯನ್ನು ಬಂಗಡೆಗೆ 14 ಸೆಂಟಿಮೀಟರ್, ತಾರ್ಲೆಗೆ 10 ಸೆಂಟಿಮೀಟರ್ ಎಂದು ನಿಗದಿ ಮಾಡಿದೆ. ದೊಡ್ಡವರ ಕೈಯ ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಯವರೆಗೆ ಚಾಚಿದರೆ ಹೆಚ್ಚುಕಡಿಮೆ 14ರಿಂದ 16 ಸೆಂಟಿಮೀಟರ್ ಬರುತ್ತದೆ. ಬುಟ್ಟಿಯಲ್ಲಿರುವ ಬಂಗಡೆ ಅದಕ್ಕಿಂತ ಗಿಡ್ಡವಾಗಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ, ‘ಮರಿ ಮೀನು ಬೇಡ ಮಾರಾಯ್ತಿ, ದೊಡ್ಡದು ಬಂದಾಗ ಕೊಡು’ ಎಂದು ಮೀನು ಮಾರುವವಳಿಗೆ ಹೇಳಿ. ಘಟ್ಟದ ಮೇಲಿನವರು ಬೇಡವೆಂದ ಮೀನನ್ನು ಘಟ್ಟ ಹತ್ತಿಸಲು ಯಾರೂ ಡೀಸೆಲ್ ಸುಡುವುದಿಲ್ಲ.